ನಾಲ್ಕನೆಯ ಕಲಂ: ಕಡಲು

ಪ್ರತಿ ವರ್ಷ ಶಾಲೆ ಶುರುವಾದ ವಾರವೇ ನಮ್ಮ ಮೂರನೇ ತರಗತಿಯ ಗೋಡೆಗೆ ಒಂದು ಹವಾಮಾನ ಪಟ್ಟಿ ಅಂಟಿಸುತ್ತೇವೆ. ಪುಸ್ತಕದಲ್ಲಿರುವ ಪಟ್ಟಿಗೆ ತಾರೀಖು ಬಿಟ್ಟರೆ ಮೂರು ಕಲಂ: ಬಿಸಿಲು, ಮೋಡ, ಮಳೆ. ನಮ್ಮದಕ್ಕೆ ನಾಲ್ಕು. ಕಳೆದ ಸಲ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ಅದರ ಮುಂದೆ ನಿಂತು, ಕನ್ನಡಕ ಮೇಲೆ ಕೆಳಗೆ ಮಾಡಿ, "ಇದೆಂತ ಟೀಚರ್, ಕಡಲು ಅಂತ? ಪಾಠದಲ್ಲಿ ಇಲ್ಲವಲ್ಲ?" ಎಂದು ಕೇಳಿದರು.

"ಪಾಠ ಬರೆದವರ ಮನೆ ಕಡಲ ಬದಿಯಲ್ಲಿ ಇಲ್ಲದಿರಬಹುದು ಸರ್" ಎಂದೆ. ನನ್ನ ನಾಲಿಗೆ ಇರುವುದೇ ಹಾಗೆ. ಅವರು ಪುಣ್ಯಕ್ಕೆ ನಕ್ಕುಬಿಟ್ಟರು.

ಆ ಕಲಂ ನನ್ನ ತಲೆಯಿಂದ ಬಂದದ್ದಲ್ಲ. ಕೊರೊನಾದಿಂದ ಶಾಲೆಗೆ ಬೀಗ ಬಿದ್ದಿದ್ದ ಎರಡನೆಯ ವರ್ಷದಲ್ಲಿ ಎಂಟು ವರ್ಷದ ಒಬ್ಬ ಹುಡುಗಿ ಸ್ಕೇಲು ಇಟ್ಟು ಎಳೆದ ಕಲಂ ಅದು. ಆ ಕತೆಯಲ್ಲಿ ನನ್ನ ಪೆದ್ದುತನವೂ ಧಾರಾಳವಾಗಿದೆ. ಆದರೆ ಹೆಮ್ಮೆಯ ಪಾಲು ಅದಕ್ಕಿಂತ ಹೆಚ್ಚಾದ್ದರಿಂದ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಕಾಪುವಿನ ಕಡಲ ಬದಿಯ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ಆಗಲೇ ನನಗೆ ಇಪ್ಪತ್ತೇಳು ವರ್ಷ ಸರ್ವೀಸು. ನನ್ನ ಮನೆಮಾತು ಕೊಂಕಣಿ, ಮಕ್ಕಳದ್ದು ಹೆಚ್ಚಿನಂಶ ತುಳು, ಇಬ್ಬರು ಮೂವರದ್ದು ಬ್ಯಾರಿ. ಶಾಲೆಯ ಗೇಟಿನಲ್ಲಿ ಎಲ್ಲರೂ ಯೂನಿಫಾರ್ಮ್ ಹಾಕಿದ ಹಾಗೆ ಕನ್ನಡ ಹಾಕಿಕೊಳ್ಳುತ್ತಿದ್ದೆವು. ಆ ವರ್ಷ ಗೇಟೇ ತೆರೆಯಲಿಲ್ಲ. ಹತ್ತೊಂಬತ್ತು ಮಕ್ಕಳ ಇಡೀ ತರಗತಿ ನನ್ನ ಮೊಬೈಲಿನೊಳಗೆ ಬಂದು ಕುಳಿತಿತ್ತು.

ಮೊದಲ ಎರಡು ತಿಂಗಳು ನನ್ನ ಜಂಭ ಕೇಳಬೇಡಿ. ಜೂನ್, ಜುಲೈ ಎಂದರೆ ಇಲ್ಲಿ ಕಡಲಿಗೆ ರಜೆ. ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಮಲ್ಪೆಯಲ್ಲಿ ಒಂದಕ್ಕೊಂದು ಮೈತಾಗಿಸಿ ನಿಂತಿರುತ್ತವೆ. ಗಂಡಸರು ಮನೆಯಲ್ಲಿ, ಅವರ ಮೊಬೈಲೂ ಮನೆಯಲ್ಲಿ. ನಾನು ಬೆಳಿಗ್ಗೆ ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ಕೆಲಸ ಹಾಕಿದರೆ ಸಂಜೆಯೊಳಗೆ ಹತ್ತೊಂಬತ್ತಕ್ಕೆ ಹತ್ತೊಂಬತ್ತು ಫೋಟೋ. ಎಂಥ ಫೋಟೋಗಳು! ಒಬ್ಬ ಹುಡುಗ ಎರಡರ ಮಗ್ಗಿಗೆ ಮನೆಯ ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿಯಾಗಿ ಅಂಗಳದಲ್ಲಿ ಸಾಲಿಟ್ಟಿದ್ದ. ಒಂದು ಚಪ್ಪಲಿಯನ್ನು ನಾಯಿ ಎಳೆದುಕೊಂಡು ಹೋದದ್ದರಿಂದ ಅವನ ಮಗ್ಗಿ ಹದಿಮೂರಕ್ಕೆ ನಿಂತಿತ್ತು, ಅದನ್ನೂ ಪ್ರಾಮಾಣಿಕವಾಗಿ ಬರೆದಿದ್ದ. ಗೇಣಿನಲ್ಲಿ ಅಳೆಯಿರಿ ಎಂದಿದ್ದಕ್ಕೆ ಒಬ್ಬಳು ಮೇಜು, ಮಣೆ, ಹೊಸ್ತಿಲು ಬರೆದು ಕೊನೆಗೆ "ಅಜ್ಜಿ: ಹನ್ನೊಂದು ಗೇಣು, ಮಲಗಿದಾಗ" ಎಂದು ಬರೆದಳು. ಒಬ್ಬೊಬ್ಬರಿಗೂ ನನ್ನ ಧ್ವನಿಯಲ್ಲೇ ಹೊಗಳಿಕೆ ಹೋಗುತ್ತಿತ್ತು, ಜೊತೆಗೆ ಒಂದು ಹಳದಿ ನಕ್ಷತ್ರದ ಚಿತ್ರ.

ನನ್ನ ತಂಗಿಯೂ ಟೀಚರೇ, ಕಾರ್ಕಳದ ಆಚೆ ಅಜೆಕಾರಿನಲ್ಲಿ. ಅವಳ ಮಕ್ಕಳಿಗೆ ಮೊಬೈಲ್ ಇದ್ದರೆ ನೆಟ್‌ವರ್ಕ್ ಇಲ್ಲ. ಕೊಡೆ ಹಿಡಿದು ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತಿತ್ತಂತೆ. ನಾನು ಅವಳಿಗೆ ದಿನಾ ಫೋನು ಮಾಡಿ ಲೆಕ್ಕ ಒಪ್ಪಿಸುತ್ತಿದ್ದೆ. ಮಣಿಪಾಲದ ಫ್ಲ್ಯಾಟಿನಲ್ಲಿ ನನ್ನ ಮೊಮ್ಮಗನಿಗೆ ಸ್ವಂತದ ಲ್ಯಾಪ್‌ಟಾಪೇ ಇತ್ತು, ಪಕ್ಕದಲ್ಲಿ ಕ್ಯಾಮೆರಾಕ್ಕೆ ಕಾಣದ ಹಾಗೆ ಕುಳಿತು ಉತ್ತರ ಪಿಸುಗುಟ್ಟುವ ತಾಯಿಯೂ ಇದ್ದಳು. "ಅವನ ಕ್ಲಾಸಿನಲ್ಲಿ ಅರ್ಧ ಮಕ್ಕಳು ಹೋಮ್‌ವರ್ಕ್ ಕೊಡುವುದಿಲ್ಲವಂತೆ. ನನ್ನ ಬೆಸ್ತರ ಮಕ್ಕಳನ್ನು ನೋಡು" ಎಂದೆ ಒಂದು ದಿನ.

"ಸಾಕು ಮಾರಾಯ್ತಿ, ದೃಷ್ಟಿ ತಾಗೀತು" ಎಂದಳು ತಂಗಿ.

ಆಗಸ್ಟಿನಲ್ಲಿ ಒಂದೇ ಒಂದು ದೊಡ್ಡ ಕೆಲಸ ಕೊಟ್ಟೆ. ಇಡೀ ತಿಂಗಳ ಹವಾಮಾನ ಪಟ್ಟಿ. ದಿನಾ ಬೆಳಿಗ್ಗೆ ಹೊರಗೆ ಬಂದು ಆಕಾಶ ನೋಡಬೇಕು, ಪಟ್ಟಿಯಲ್ಲಿ ಚಿತ್ರ ಬಿಡಿಸಬೇಕು, ತಿಂಗಳ ಕೊನೆಗೆ ಫೋಟೋ ತೆಗೆದು ಕಳಿಸಬೇಕು. ಕೊನೆಯ ದಿನ ಸಂಜೆಯ ತನಕ ಕಾದೆ. ಬಂದದ್ದು ಹತ್ತು. ಅಂಗಡಿಯವರ, ರಿಕ್ಷಾದವರ, ಗಲ್ಫಿನಲ್ಲಿರುವವರ ಮಕ್ಕಳದ್ದು. ಹತ್ತೂ ಚಂದ, ಬಣ್ಣದ ಪೆನ್ಸಿಲಿನಲ್ಲಿ ತುಂಬಿದ ಸೂರ್ಯಂದಿರು. ಹತ್ತಕ್ಕೂ ನಕ್ಷತ್ರ ಕೊಟ್ಟೆ. ಉಳಿದ ಒಂಬತ್ತು ಮಕ್ಕಳ ಮನೆಯಿಂದ ಒಂದು ಸದ್ದೂ ಇಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಎರಡು ತಿಂಗಳು ಇಷ್ಟು ಹೊಗಳಿದ್ದಕ್ಕೆ ಇದಾ ಬಹುಮಾನ ಎನಿಸಿತು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಗುಂಪಿಗೆ ಒಂದು ಪಟ್ಟಿ ಹಾಕಿದೆ. ತಲೆಬರಹ: "ಕೆಲಸ ಮಾಡದ ಮಕ್ಕಳು." ಕೆಳಗೆ ಒಂಬತ್ತು ಹೆಸರು, ನಂಬರು ಸಮೇತ. ಅದು ಸಾಲದೆಂದು ಬಾಯಿಯಲ್ಲೂ ಹೇಳಿ ಕಳಿಸಿದೆ: "ಬೋಟು ಹೊರಟಿತು ಅಂತ ಮಕ್ಕಳ ಓದಿಗೂ ಲಂಗರು ಹಾಕಬೇಡಿ." ಆ ಮಾತು ಬಹಳ ಚೆನ್ನಾಗಿ ಬಂತು ಎಂದು ನನಗೆ ನಾನೇ ಮೆಚ್ಚಿಕೊಂಡೆ ಕೂಡಾ.

ಬೋಟಿನವರ ಮೊಬೈಲು ಬೋಟಿನ ಜೊತೆಗೇ ಹೋಗುತ್ತದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಇಪ್ಪತ್ತೇಳು ವರ್ಷ ಕಡಲ ಬದಿಯಲ್ಲಿ ಪಾಠ ಮಾಡಿದವಳಿಗೆ! ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ.

ನಮ್ಮ ಮನೆಗೆ ಮೀನು ತರುವ ಅಕ್ಕನೊಬ್ಬರಿದ್ದಾರೆ. ಅರುವತ್ತು ದಾಟಿದ ಹೆಂಗಸು, ತಲೆಯ ಮೇಲೆ ಬುಟ್ಟಿ, ಬುಟ್ಟಿಯನ್ನು ಮುಟ್ಟದೆ ನಡೆಯುವ ಗತ್ತು. ನನ್ನ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಅವರು. ಗೇಟಿನ ಹತ್ತಿರ ಬಂದು "ಬಾಯಮ್ಮಾ, ಬಂಗುಡೆ ಉಂಟು" ಎಂದು ಕೂಗಿದರೆ ಮೂರು ಮನೆಗೆ ಕೇಳಬೇಕು. ಪಟ್ಟಿ ಹಾಕಿದ ಮರುದಿನ ಅವರು ಗೇಟಿನ ಮುಂದೆ ಕೂಗದೆ ಹೋದರು. ಅದರ ಮರುದಿನವೂ ಹೋದರು. ಮೀನು ಸಿಗಲಿಲ್ಲವೇನೋ ಎಂದುಕೊಂಡೆ. ಮೂರನೆಯ ದಿನ ನಾನೇ ರಸ್ತೆಗೆ ಇಳಿದು ಅಡ್ಡ ನಿಂತೆ.

"ಎಂತ ಅಕ್ಕ, ನಮ್ಮ ಮನೆ ಮರೆತೇಹೋಯಿತಾ?"

"ನಿಮಗೆ ಕೊಡಲು ಮೀನಿಲ್ಲ ಟೀಚರ್" ಎಂದರು. ಬುಟ್ಟಿಯಿಂದ ಬಂಗುಡೆಗಳ ಬಾಲ ಹೊರಗೆ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು 'ಟೀಚರ್' ಎಂಬ ಮಾತು. ಕ್ರೈಸ್ತ ಹೆಂಗಸರನ್ನು ಇಲ್ಲಿ ಕರೆಯುವ ಹಾಗೆ, ಇಷ್ಟು ವರ್ಷ ನಾನು ಅವರಿಗೆ ಬಾಯಮ್ಮನೇ ಆಗಿದ್ದೆ.

ಬುಟ್ಟಿಗೆ ಕೈಕೊಟ್ಟು ಕೆಳಗಿಳಿಸಿಕೊಂಡೆ. ಅವರು ಬೇಡ ಎನ್ನಲಿಲ್ಲ, ಭಾರ ಅಷ್ಟಿತ್ತು. ನಮ್ಮ ಕಟ್ಟೆಯ ಮೇಲೆ ಕುಳಿತು, ಮಾಸ್ಕನ್ನು ಗಲ್ಲಕ್ಕೆ ಎಳೆದು, ಒಂದೇ ಉಸಿರಿಗೆ ಶುರುಮಾಡಿದರು. ಆಡಿದ್ದು ತುಳುವಿನಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಮಾತಿನ ಖಾರ ಅರ್ಧವೂ ಇದರಲ್ಲಿ ಇಳಿಯುವುದಿಲ್ಲ.

"ನನ್ನ ಮಗು ದಿನಾ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ನಿಮ್ಮ ಆ ಪಟ್ಟಿ ಬರೆದಿದ್ದಾಳೆ. ಒಂದು ದಿನ ಬಿಟ್ಟಿಲ್ಲ. ಜ್ವರ ಬಂದ ದಿನವೂ ಬಿಟ್ಟಿಲ್ಲ. ನೀವು ಮಾಡಲಿಲ್ಲ ಅಂತ ಬರೆದಿರಿ. ನೋಡಿದ್ದೀರಾ? ನೋಡದೆ ಹೇಗೆ ಬರೆದಿರಿ?"

"ಕಳಿಸಲಿಲ್ಲವಲ್ಲ ಅಕ್ಕ..."

"ಯಾವುದರಲ್ಲಿ ಕಳಿಸುವುದು? ಮೊಬೈಲ್ ಬೋಟಿನಲ್ಲಿ ಉಂಟು. ನಮ್ಮಲ್ಲಿ ಇರುವುದು ಗುಂಡಿ ಒತ್ತುವ ಫೋನು, ಮಾತಾಡಲು ಮಾತ್ರ ಆಗುತ್ತದೆ. ನನ್ನ ಮಗ ಹೊರಡುವಾಗ ಹೇಳಿದ್ದ, ಆಚೆಮನೆಯ ಮೊಬೈಲಿನಿಂದ ಕಳಿಸು ಮಗಾ ಅಂತ. ಆಚೆಮನೆಯವನೂ ತನ್ನ ಹುಡುಗನಿಗೆ ಹಾಗೆಯೇ ಹೇಳಿದ್ದ, ನಮ್ಮ ಮನೆಯ ಮೊಬೈಲಿನಿಂದ ಕಳಿಸು ಅಂತ. ಅವನು ಇರುವುದೂ ಅದೇ ಬೋಟಿನಲ್ಲಿ!"

ನನಗೆ ನಗು ಬಂತು. ಅಕ್ಕ ನಗಲಿಲ್ಲ. ಆ ಸಾಲಿನಲ್ಲಿ ಆರು ಮನೆ, ಆರು ಗಂಡಸರು, ಎರಡು ಬೋಟು. ಪ್ರತಿಯೊಬ್ಬನೂ ಪಕ್ಕದ ಮನೆಯನ್ನು ನಂಬಿ ಹೊರಟಿದ್ದ. ಆಗಸ್ಟಿನ ನಡುವೆ ಒಮ್ಮೆ ಬೋಟು ಮಲ್ಪೆಗೆ ಬಂದಿತ್ತಂತೆ. ಮಗ ಮನೆಗೆ ಬಂದು ಉಂಡು ಮಲಗಿ, ಮಂಜುಗಡ್ಡೆ ತುಂಬಿಸಲು ಬೆಳಿಗ್ಗೆಯೇ ಹೊರಟುಹೋದ. ಪಟ್ಟಿ ಆಗ ಇನ್ನೂ ಅರ್ಧ ಆಗಿತ್ತು. ಪೂರ್ತಿಯಾದ ಮೇಲೆ ತೋರಿಸಬೇಕೆಂದು ಹುಡುಗಿ ಅದನ್ನು ಬಚ್ಚಿಟ್ಟಳಂತೆ.

"ನಿಮ್ಮ ಆ ಹೆಸರಿನ ಪಟ್ಟಿ ಬಂದ ದಿನ ಬೋಟು ಸಿಗ್ನಲ್ ಸಿಗುವಲ್ಲಿ ಇತ್ತು. ಮಗ ನೋಡಿದ. ಬೋಟಿನಲ್ಲಿ ಎಲ್ಲರೂ ನೋಡಿದರು. ಕೂಡಲೇ ಫೋನು ಮಾಡಿ ಮಗುವಿಗೆ ಬೈದ. ನಾನು ಬರೆದಿದ್ದೇನೆ ಅಪ್ಪ ಅಂತ ಅವಳು ಹೇಳಿದಳು. ಅವನು ಎಂತ ಹೇಳಿದ ಗೊತ್ತುಂಟಾ? 'ಹಾಗಾದರೆ ಟೀಚರ್ ಸುಳ್ಳು ಬರೆಯುತ್ತಾರಾ? ಸುಳ್ಳು ನೀನೇ ಹೇಳುವುದು' ಅಂತ." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಅಷ್ಟು ಹೇಳಿ ಬೋಟು ಮತ್ತೆ ದೂರ ಹೋಯಿತು. ಮಗು ಅಂದಿನಿಂದ ಸರಿಯಾಗಿ ಊಟ ಮಾಡುವುದಿಲ್ಲ. ಅಪ್ಪ ನಂಬಲಿಲ್ಲ, ಅಪ್ಪ ನಂಬಲಿಲ್ಲ ಅಂತ ಅದೊಂದೇ ಮಾತು."

ಕಟ್ಟೆಯ ಮೇಲೆ ನನಗೆ ಕುಳಿತುಕೊಳ್ಳಲೂ ಆಗಲಿಲ್ಲ, ಏಳಲೂ ಆಗಲಿಲ್ಲ. ಮಕ್ಕಳಿಗೆ ಬೈದದ್ದು ಇದು ಮೊದಲ ಸಲವಲ್ಲ, ತಪ್ಪಾಗಿ ಬೈದದ್ದೂ ಮೊದಲಲ್ಲ. ಆದರೆ ನನ್ನ ಮೇಲಿನ ನಂಬಿಕೆಯಿಂದಲೇ ಒಬ್ಬ ತಂದೆ ತನ್ನ ಮಗಳನ್ನು ಸುಳ್ಳಿ ಎಂದ ಎನ್ನುವುದು ಹೊಸದು. ನಾಳೆ ಬರುವಾಗ ಪಟ್ಟಿ ತನ್ನಿ ಅಕ್ಕ ಎಂದೆ. ಅವರು ಬುಟ್ಟಿ ತಲೆಗೇರಿಸಿಕೊಂಡು, ಹೋಗುವ ಮುಂಚೆ ಆರು ಬಂಗುಡೆ ತೆಗೆದು ಕಟ್ಟೆಯ ಮೇಲಿಟ್ಟರು.

ಮರುದಿನ ಶಿಕ್ಷಕರ ದಿನ. ಬೆಳಿಗ್ಗೆಯಿಂದ ನನ್ನ ಮೊಬೈಲಿನ ತುಂಬ ಗುಲಾಬಿ ಹೂ, ದೀಪ, ಗುರುವೇ ದೇವರು ಎಂಬ ಸಾಲುಗಳು. ಒಂದನ್ನೂ ಪೂರ್ತಿ ಓದುವ ಮನಸ್ಸಾಗಲಿಲ್ಲ. ಎಂಟು ಗಂಟೆಗೆ ಅಕ್ಕ ಬಂದರು. ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಪುಸ್ತಕ. ಬುಟ್ಟಿಯ ಮುಚ್ಚಳದ ಮೇಲೆ ಇಡಬಹುದಿತ್ತಲ್ಲ ಎಂದೆ. "ಪುಸ್ತಕವನ್ನು ಮೀನಿನ ಮೇಲೆ ಇಡುವುದಾ?" ಎಂದು ಗದರಿದರು. ನಮ್ಮ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದು, ಒರೆಸಿ, ಆಮೇಲೆಯೇ ಪ್ಲಾಸ್ಟಿಕ್ ಬಿಚ್ಚಿ ಕೊಟ್ಟರು. ಅವರ ಸುತ್ತು ಮುಗಿದು ವಾಪಸು ಬರುವ ತನಕ ನನಗೆ ಎರಡು ಗಂಟೆ ಸಮಯ ಇತ್ತು.

ಪಟ್ಟಿ ನಡುವಿನ ಎರಡು ಪುಟಕ್ಕೆ ಹರಡಿತ್ತು. ಗೆರೆಗಳು ನೇರ, ತಾರೀಖುಗಳು ದುಂಡಗೆ. ಬಿಸಿಲಿಗೆ ಸೂರ್ಯ, ಮೋಡಕ್ಕೆ ಮೋಡ, ಮಳೆಗೆ ಹನಿ. ಅವುಗಳ ಆಚೆಗೆ, ನಾನು ಹೇಳದ ಇನ್ನೊಂದು ಕಲಂ. ಮೇಲೆ 'ಕಡಲು' ಎಂದು ಬರೆದಿತ್ತು. ಪ್ರತಿ ಚೌಕದಲ್ಲೂ ಅಲೆಯ ಹಾಗೆ ಬಳುಕುವ ಗೆರೆ, ಕೆಲವು ದಿನ ಒಂದು, ಕೆಲವು ದಿನ ಎರಡು, ಕೆಲವು ದಿನ ಮೂರು. ಪುಟದ ಕೆಳಗೆ ಅವಳೇ ವಿವರ ಕೊಟ್ಟಿದ್ದಳು:

"ಒಂದು ಗೆರೆ: ಕಡಲು ಮಲಗಿದೆ. ಎರಡು ಗೆರೆ: ಕಡಲು ಮಾತಾಡುತ್ತದೆ. ಮೂರು ಗೆರೆ: ಕಡಲು ಬೈಯುತ್ತದೆ."

ನಾನು ಬಹಳ ಹೊತ್ತು ಅದನ್ನೇ ನೋಡಿದೆ. ಆಮೇಲೆ ಮೊಬೈಲ್ ತೆಗೆದು, ನಕ್ಷತ್ರ ಪಡೆದ ಹತ್ತು ಪಟ್ಟಿಗಳನ್ನು ಒಂದೊಂದಾಗಿ ತೆರೆದು ಇದರ ಪಕ್ಕ ಇಟ್ಟೆ. ಹನ್ನೊಂದನೆಯ ತಾರೀಖು ನನಗೆ ಚೆನ್ನಾಗಿ ನೆನಪಿತ್ತು. ಅಂದು ಬೆಳಿಗ್ಗೆ ಗಾಳಿಮಳೆಗೆ ನಮ್ಮ ನುಗ್ಗೆಮರ ಮುರಿದು ಬಾವಿಕಟ್ಟೆಯ ಮೇಲೆ ಬಿದ್ದಿತ್ತು. ಹತ್ತು ಪಟ್ಟಿಗಳಲ್ಲಿ ಏಳರಲ್ಲಿ ಅಂದು ಸೂರ್ಯ ಹಲ್ಲುಕಿರಿದು ನಗುತ್ತಿದ್ದ! ಇನ್ನೂ ಒಂದು ವಿಷಯ. ಆ ಏಳು ಪಟ್ಟಿಗಳಿಗೂ ಮೂವತ್ತೇ ತಾರೀಖು. ಆಗಸ್ಟಿಗೆ ಮೂವತ್ತೊಂದು ದಿನ. ಯಾರೋ ಒಬ್ಬರು ಕೊನೆಯ ದಿನ ಕುಳಿತು ಒಂದು ಪಟ್ಟಿ ಬಿಡಿಸಿದ್ದಾರೆ, ಅದು ಗುಂಪಿಗೆ ಬಂದಿದೆ, ಉಳಿದ ಆರು ಮನೆಯವರು ಅದನ್ನು ನೋಡಿ ತಪ್ಪಿನ ಸಮೇತ ಇಳಿಸಿದ್ದಾರೆ. ನಾನು ಏಳಕ್ಕೂ ನಕ್ಷತ್ರ ಕೊಟ್ಟಿದ್ದೇನೆ.

ಅಕ್ಕನ ಮೊಮ್ಮಗಳ ಪಟ್ಟಿಯಲ್ಲಿ ಹನ್ನೊಂದಕ್ಕೆ ಹನಿಗಳು ಚೌಕದ ಗೆರೆ ದಾಟಿ ಹೊರಗೆ ಬಿದ್ದಿದ್ದವು. ಪಕ್ಕದಲ್ಲಿ ಮೂರು ಗೆರೆ, ಒತ್ತಿ ಬರೆದು ಕಾಗದ ಅಲ್ಲಲ್ಲಿ ಹರಿದಿತ್ತು. ಮೂವತ್ತೊಂದನೆಯ ತಾರೀಖೂ ಅಲ್ಲಿತ್ತು. ಅಷ್ಟು ವರ್ಷದಲ್ಲಿ ನಾನು ಸಾವಿರಾರು ಪುಸ್ತಕ ತಿದ್ದಿದ್ದೇನೆ. ಯಾರೂ ನೋಡುವವರಿಲ್ಲದಾಗ, ಕಳಿಸಲು ದಾರಿಯೂ ಇಲ್ಲದಾಗ, ಒಂದು ದಿನ ತಪ್ಪದೆ ಮಾಡಿದ ಇಂಥ ಕೆಲಸವನ್ನು ನಾನು ನೋಡಿರಲಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿತು, ನಾಚಿಕೆಯಿಂದ ಕಿವಿ ಬಿಸಿಯಾಯಿತು, ಎರಡೂ ಒಟ್ಟಿಗೆ.

ಗುಂಪಿನಲ್ಲಿದ್ದ ನನ್ನ ಒಂಬತ್ತು ಹೆಸರಿನ ಪಟ್ಟಿಯನ್ನು ಅಳಿಸಲು ನೋಡಿದೆ. ದಿನ ದಾಟಿದ್ದರಿಂದ ಎಲ್ಲರ ಮೊಬೈಲಿನಿಂದ ಅಳಿಸಲು ಆಗುವುದಿಲ್ಲ ಎಂದಿತು ವಾಟ್ಸಾಪ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಗಾಗಿ ಮಾತಿನಿಂದಲೇ ಸರಿಮಾಡಬೇಕಾಯಿತು. ಗಂಟಲು ಸರಿಮಾಡಿಕೊಂಡು ಗುಂಪಿಗೆ ಹೇಳಿ ಕಳಿಸಿದೆ: ನಾನು ನೋಡದೆ ಬರೆದೆ, ತಪ್ಪು ನನ್ನದು, ಈ ಹುಡುಗಿ ಇಡೀ ತಿಂಗಳ ಕೆಲಸ ಮಾಡಿದ್ದಾಳೆ, ನನ್ನ ತರಗತಿಯಲ್ಲಿ ಇಷ್ಟು ನಿಜವಾದ ಪಟ್ಟಿ ಬೇರೆ ಯಾರೂ ಮಾಡಿಲ್ಲ. ಆಮೇಲೆ ಎರಡು ಪುಟಗಳ ಫೋಟೋ ತೆಗೆದು ಅವಳ ಅಪ್ಪನ ನಂಬರಿಗೆ ಬೇರೆಯಾಗಿ ಕಳಿಸಿದೆ. ಅಲ್ಲಿಯವರೆಗೆ ತಂದೆತಾಯಿ ನನಗೆ ಕಳಿಸುತ್ತಿದ್ದರು. ಮೊದಲ ಸಲ ಮಗುವಿನ ಕೆಲಸವನ್ನು ನಾನು ತಂದೆಗೆ ಕಳಿಸಿದೆ. ಒಂದೇ ಟಿಕ್ ಬಿತ್ತು. ಬೋಟು ದೂರದಲ್ಲಿತ್ತು.

ತಂಗಿಗೆ ಫೋನು ಮಾಡಿ ಹೇಳಿದೆ. "ನೀನು ತಪ್ಪು ಒಪ್ಪಿಕೊಂಡದ್ದಾ? ಆ ವಾಯ್ಸನ್ನು ನನಗೂ ಕಳಿಸು, ಇಟ್ಟುಕೊಳ್ಳುತ್ತೇನೆ" ಎಂದಳು. ಒಡಹುಟ್ಟಿದವರು ಇರುವುದೇ ಇದಕ್ಕೆ.

ಸಂಜೆ ಪುಸ್ತಕದ ಹಿಂದೆಯೇ ನಾನೂ ಅವರ ಮನೆಗೆ ಹೋದೆ. ಮನೆಯ ಹಿಂದೆ ತೆಂಗಿನಮರ ನಾಲ್ಕು, ಆಮೇಲೆ ಕಲ್ಲಿನ ತಡೆಗೋಡೆ, ಆಮೇಲೆ ಕಡಲು. ಸದ್ದು ಮನೆಯೊಳಗೇ ಇದ್ದ ಹಾಗಿತ್ತು. ಹುಡುಗಿ ಬಾಗಿಲ ಹಿಂದಿನಿಂದ ಅರ್ಧ ಮುಖ ತೋರಿಸಿದಳು. ಮಾಸ್ಕಿನ ಮೇಲೆ ಎರಡು ದೊಡ್ಡ ಕಣ್ಣು. ನಾನು ಉಡುಪಿಯಿಂದ ತರಿಸಿಟ್ಟಿದ್ದ ಬಣ್ಣದ ಪೆನ್ಸಿಲಿನ ಡಬ್ಬಿ ಕೊಟ್ಟೆ, ಚಿನ್ನದ ಬಣ್ಣದ ನಕ್ಷತ್ರದ ಸ್ಟಿಕ್ಕರ್ ತೋರಿಸಿದೆ. ಅವಳು ಮುಟ್ಟಲಿಲ್ಲ.

"ಕಡಲಿನ ಕಲಂ ಹಾಕಲು ನಿನಗೆ ಯಾರು ಹೇಳಿದ್ದು?"

"ಯಾರೂ ಇಲ್ಲ. ಅಪ್ಪ ಬೆಳಿಗ್ಗೆ ಎದ್ದು ಮೊದಲು ಕಡಲು ಕೇಳುತ್ತಾರೆ. ಆಮೇಲೆ ಆಕಾಶ ನೋಡುವುದು." ಮತ್ತೆ ಅವಳೇ ಕೇಳಿದಳು: "ಆ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಉಂಟಾ ಟೀಚರ್?"

ಸುಳ್ಳು ಹೇಳಬಹುದಿತ್ತು. ಅವಳ ಪುಸ್ತಕ ನೋಡಿದ ಮೇಲೆ ಬಾಯಿ ಬರಲಿಲ್ಲ. "ಉಂಟು ಮಗಾ. ಅದನ್ನು ಅಳಿಸಲು ಆಗುವುದಿಲ್ಲ. ಅದು ತಪ್ಪು ಅಂತ ಎಲ್ಲರಿಗೂ ಹೇಳಿದ್ದೇನೆ."

"ಅಪ್ಪನಿಗೆ?"

"ಅಪ್ಪನಿಗೂ ಕಳಿಸಿದ್ದೇನೆ. ಇನ್ನೂ ಮುಟ್ಟಲಿಲ್ಲ."

ಅವಳು ತಲೆಯಾಡಿಸಿ ಒಳಗೆ ಹೋದಳು. ಪೆನ್ಸಿಲ್ ಡಬ್ಬಿಯನ್ನು ಅಕ್ಕ ತೆಗೆದು ಮೇಲಿಟ್ಟರು.

ಆ ಮೂರು ದಿನ ನಾನು ಮೊಬೈಲ್ ನೋಡಿದಷ್ಟು ನನ್ನ ಮಗಳ ಹೆರಿಗೆಯ ಸಮಯದಲ್ಲೂ ನೋಡಿರಲಿಕ್ಕಿಲ್ಲ. ಒಂದೇ ಟಿಕ್. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಪ್ರಾರ್ಥನೆ ಮುಗಿಸಿ ನೋಡಿದರೂ ಒಂದು. ನಡುವೆ ಉಳಿದ ಎಂಟು ಮಕ್ಕಳ ಮನೆಗೂ ಹೋಗಿ ಬಂದೆ. ನಾಲ್ಕು ಮಕ್ಕಳು ಪಟ್ಟಿ ಮಾಡಿದ್ದರು. ಮೂವರು ನಿಜವಾಗಿಯೂ ಮಾಡಿರಲಿಲ್ಲ, ಒಬ್ಬ ಆ ಹಾಳೆಯನ್ನು ಮಡಚಿ ದೋಣಿ ಮಾಡಿ ಬಿಟ್ಟಿದ್ದ. ಸಂತರ ತರಗತಿ ನನ್ನದೆಂದು ನಾನು ಹೇಳುವುದಿಲ್ಲ. ಸೂರ್ಯಂದಿರ ಏಳು ಮನೆಗೆ ಫೋನು ಮಾಡಿ, ಮೂವತ್ತೊಂದನೇ ತಾರೀಖು ಎಲ್ಲಿ ಹೋಯಿತು ಎಂದು ಕೇಳಿದೆ. ಒಬ್ಬ ತಾಯಿ, "ಅಯ್ಯೋ ಟೀಚರ್, ಅದು ನಾನೇ ಗೀಚಿದ್ದು" ಎಂದು ಒಪ್ಪಿಕೊಂಡರು.

ಎಂಟನೇ ತಾರೀಖು ನಮಗೆ ತೆನೆ ಹಬ್ಬ, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಹೊಸ ಅಕ್ಕಿಯ ಊಟ, ಬರೀ ತರಕಾರಿ ಅಡುಗೆ, ಮೀನು ಮನೆಯೊಳಗೆ ಬರುವ ಹಾಗಿಲ್ಲ. ಊರಿನ ಮೀನಿನವರಿಗೆಲ್ಲ ಇದು ಗೊತ್ತು, ಅಂದು ನಮ್ಮ ಮನೆಗಳ ಕಡೆ ಅವರು ಸುಳಿಯುವುದಿಲ್ಲ. ನಾನು ಕೆಸುವಿನ ದಂಟಿನ ಸಿಪ್ಪೆ ತೆಗೆಯುತ್ತಿದ್ದಾಗ ಗೇಟಿನ ಸದ್ದಾಯಿತು. ಅಕ್ಕ, ಬುಟ್ಟಿ ಇಲ್ಲದ ಬರಿದಲೆಯಲ್ಲಿ. ಅವರನ್ನು ಬುಟ್ಟಿಯಿಲ್ಲದೆ ನೋಡಿದ್ದು ಅದೇ ಮೊದಲು.

"ಇವತ್ತು ನಿಮಗೆ ಮೀನು ಇಲ್ಲ ಅಂತ ಗೊತ್ತುಂಟು. ಕೇಳಲು ಬಂದೆ. ಬಂತಾ?"

ಇಬ್ಬರೂ ಒಟ್ಟಿಗೆ ಮೊಬೈಲ್ ನೋಡಿದೆವು. ಎರಡು ಟಿಕ್! ನೋಡುತ್ತಿದ್ದ ಹಾಗೆ ಅವು ನೀಲಿಯಾದವು. ಅಕ್ಕನಿಗೆ ಆ ಬಣ್ಣದ ಅರ್ಥ ನಾನೇ ಹೇಳಬೇಕಾಯಿತು. ಕಟ್ಟೆಯ ಮೇಲೆ ಕುಳಿತು ಕಾದೆವು. ದಂಟು ಹಾಗೆಯೇ ಉಳಿಯಿತು. ಕಾಲು ಗಂಟೆಯ ಮೇಲೆ ವಾಯ್ಸ್ ಮೆಸೇಜ್ ಬಂತು. ನನಗಲ್ಲ, ಗುಂಪಿಗೆ. ನಾನು ಒತ್ತಲು ಹೋದೆ. ಅಕ್ಕ ನನ್ನ ಕೈ ಹಿಡಿದರು. "ಇಲ್ಲಿ ಬೇಡ ಬಾಯಮ್ಮ. ಮಗು ಮೊದಲು ಕೇಳಲಿ."

ಹಬ್ಬದ ಅಡುಗೆಯನ್ನು ಸೊಸೆಗೆ ಬಿಟ್ಟು ಅವರ ಜೊತೆ ನಡೆದೆ. ಹುಡುಗಿ ಅಂಗಳದಲ್ಲಿ ಕುಳಿತು ಸೆಪ್ಟೆಂಬರಿನ ಪಟ್ಟಿಗೆ ಗೆರೆ ಎಳೆಯುತ್ತಿದ್ದಳು. ಸೆಪ್ಟೆಂಬರಿಗೆ ನಾನು ಕೊಟ್ಟಿರಲೇ ಇಲ್ಲ. ಅವಳ ಮುಂದೆ ಮೊಬೈಲ್ ಇಟ್ಟು ಒತ್ತಿದೆ. ಮೊದಲು ಇಂಜಿನಿನ ಸದ್ದು, ಗಾಳಿ, ಯಾರೋ ಕೆಮ್ಮಿದ್ದು. ಆಮೇಲೆ ಅವಳ ಅಪ್ಪನ ಸ್ವರ, ಟೀಚರ್ ಜೊತೆ ಮಾತಾಡುವಾಗಿನ ಶಾಲೆಯ ಕನ್ನಡದಲ್ಲಿ.

"ಟೀಚರ್, ನಮಸ್ಕಾರ. ಪಟ್ಟಿ ನೋಡಿದೆ. ನಾವು ಎಲ್ಲರೂ ನೋಡಿದೆವು, ತಾಂಡೇಲರೂ ನೋಡಿದರು. ಹನ್ನೊಂದನೇ ತಾರೀಖಿಗೆ ಕಡಲು ಬೈದದ್ದು ಹೌದು. ನಾವು ಅಂದು ಬಲೆ ಎತ್ತಿ ದಡದ ಕಡೆಗೆ ಬಂದಿದ್ದೆವು. ಹದಿನಾರಕ್ಕೆ ಮಲಗಿದ್ದು ಹೌದು. ಹದಿನೆಂಟೂ ಸರಿ. ತಾಂಡೇಲರು ಒಂದೊಂದೇ ತಾರೀಖು ಓದಿಸಿದರು, ಎಲ್ಲ ಸರಿ ಉಂಟು. ಇಪ್ಪತ್ತೆರಡು ಒಂದು ಮಾತ್ರ ತಪ್ಪು. ಅವಳು ಎರಡು ಗೆರೆ ಹಾಕಿದ್ದಾಳೆ, ಅಂದು ಮೂರು ಅಂತ ತಾಂಡೇಲರು ಹೇಳುತ್ತಾರೆ. ಅದೊಂದನ್ನು ತಿದ್ದಿಸಿ." ಆಮೇಲೆ ಬರೀ ಇಂಜಿನಿನ ಸದ್ದು. ಮುಗಿಯಿತು ಎಂದುಕೊಂಡೆ. ಆಗ ತುಳುವಿನಲ್ಲಿ, ಬೇರೆಯೇ ಸ್ವರದಲ್ಲಿ: "ಮಗಾ, ಅಪ್ಪ ನಿನ್ನನ್ನು ಸುಳ್ಳಿ ಅಂತ ಹೇಳಿದೆ. ಅದು ತಪ್ಪು. ಇಲ್ಲಿ ಎಲ್ಲರ ಎದುರು ಹೇಳುತ್ತಿದ್ದೇನೆ."

ತಾಂಡೇಲ ಎಂದರೆ ಬೋಟಿನ ಯಜಮಾನಿಕೆ ನೋಡುವವನು, ಕಡಲಿನ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತು. ಅಂಥವನೊಬ್ಬ ಕಡಲ ನಡುವೆ ನಿಂತು ನನ್ನ ಮೂರನೇ ತರಗತಿಯ ಹುಡುಗಿಯ ಪುಸ್ತಕ ತಿದ್ದಿದ್ದ. ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಅಳುತ್ತಿದ್ದರು. ನನ್ನ ಕನ್ನಡಕವೂ ಮಸುಕಾಗಿತ್ತು. ಹುಡುಗಿ ಮಾತ್ರ ಅಳಲಿಲ್ಲ. ಇನ್ನೊಮ್ಮೆ ಹಾಕಿ ಎಂದಳು. ಮೂರು ಸಲ ಕೇಳಿದಳು. ಕೊನೆಯ ಸಲ ಅಪ್ಪನ ತುಳು ಮಾತು ಮುಗಿದಾಗ ಅವಳ ಮುಖದಲ್ಲಿ ಬಂದ ನಗುವಿಗೆ ನನ್ನ ಯಾವ ನಕ್ಷತ್ರವೂ ಸಾಟಿಯಲ್ಲ.

ನಾನು ಚೀಲದಿಂದ ಕೆಂಪು ಪೆನ್ನು ತೆಗೆದು ಅವಳಿಗೆ ಕೊಟ್ಟೆ. "ತಾಂಡೇಲರು ಹೇಳಿದ್ದು ಕೇಳಿದೆಯಲ್ಲ. ಇಪ್ಪತ್ತೆರಡಕ್ಕೆ ಇನ್ನೊಂದು ಗೆರೆ ಹಾಕು. ನೀನೇ ಹಾಕು, ನಾನು ಮುಟ್ಟುವುದಿಲ್ಲ."

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಪುಟ ತೆರೆದು ಇಪ್ಪತ್ತೆರಡರ ಮೇಲೆ ಬೆರಳಿಟ್ಟಳು.

"ಇಲ್ಲ ಟೀಚರ್. ಎರಡೇ."

"ತಾಂಡೇಲರಿಗಿಂತ ನಿನಗೆ ಗೊತ್ತುಂಟಾ?" ಎಂದರು ಅಕ್ಕ ಕಣ್ಣೊರೆಸುತ್ತ.

"ಅಲ್ಲಿ ಬೈದಿರಬಹುದು. ಇಲ್ಲಿ ಮಾತಾಡಿದ್ದು ಮಾತ್ರ."

ನಾನು ಪೆನ್ನಿಗೆ ಮುಚ್ಚಳ ಹಾಕಿ ಚೀಲದೊಳಗೆ ಇಟ್ಟೆ. ಮೂರು ದಿನದ ಹಿಂದೆ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಈಗ ಇಡೀ ಬೋಟಿನ ಎದುರು ತನ್ನ ಎರಡು ಗೆರೆಗಳನ್ನು ಹಿಡಿದುಕೊಂಡಿದ್ದಳು. ಅದನ್ನು ತಿದ್ದುವ ಧೈರ್ಯ ನನಗಿರಲಿಲ್ಲ, ಮನಸ್ಸೂ ಇರಲಿಲ್ಲ. "ಹಾಗಾದರೆ ನೀನೇ ಹೇಳು" ಎಂದು ಗುಂಪನ್ನು ತೆರೆದು, ಒತ್ತಿ ಹಿಡಿಯುವ ಜಾಗ ತೋರಿಸಿದೆ.

ಅವಳು ಎರಡೂ ಕೈಯಲ್ಲಿ ಮೊಬೈಲ್ ಹಿಡಿದು ಬಾಯಿಯ ಹತ್ತಿರ ತಂದಳು. "ಅಪ್ಪಾ, ಇಪ್ಪತ್ತೆರಡಕ್ಕೆ ಇಲ್ಲಿ ಎರಡೇ ಗೆರೆ. ನಾನು ಕೇಳಿದ್ದೇನೆ." ಬೆರಳು ತೆಗೆದಳು. ಅದು ಹೋಯಿತು. ಒಂಬತ್ತು ಹೆಸರಿನ ಪಟ್ಟಿ, ನನ್ನ ತಪ್ಪೊಪ್ಪಿಗೆ, ಅಪ್ಪನ ಮಾತು, ಎಲ್ಲದರ ಕೆಳಗೆ ಹೋಗಿ ಕುಳಿತಿತು.

ಮೊಬೈಲ್ ವಾಪಸು ಕೊಡುವಾಗ ಕೇಳಿದಳು: "ಇದನ್ನೂ ಅಳಿಸಲು ಆಗುವುದಿಲ್ಲ ಅಲ್ವಾ ಟೀಚರ್?"

ಹೊಸದಾಗಿ ಕಳಿಸಿದ್ದನ್ನು ಸ್ವಲ್ಪ ಹೊತ್ತು ಅಳಿಸಬಹುದು. ಅದನ್ನು ನಾನು ಅವಳಿಗೆ ಹೇಳಲಿಲ್ಲ.

"ಆಗುವುದಿಲ್ಲ" ಎಂದೆ.